ಪ್ಲೇಟ್ ರೂಮಿನ ಗುಂಡಯ್ಯ ಮತ್ತು ಹದಿಮೂರನೆಯ ಪದರ

ಹೊಳೆನರಸೀಪುರದ ಪೇಟೆಬೀದಿಯ ಆ ಪ್ರೆಸ್ಸಿನಲ್ಲಿ ಒಳಗಿನಿಂದ ಚಿಲಕ ಹಾಕಿಕೊಳ್ಳುವ ಅಧಿಕಾರ ಇದ್ದದ್ದು ಒಬ್ಬರಿಗೆ ಮಾತ್ರ. ಮಾಲೀಕರಾದ ವರದರಾಜ ಅವರಿಗಲ್ಲ, ಮ್ಯಾನೇಜರಿಗಲ್ಲ; ಹಳೇಕೋಟೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಗುಂಡಯ್ಯನವರಿಗೆ. ಎಂಟಡಿಗೆ ಆರಡಿಯ ಪ್ಲೇಟ್ ರೂಮು. ಕಿಟಕಿಗೆ ಕರಿ ಬಟ್ಟೆ, ನೆತ್ತಿಯ ಮೇಲೆ ಒಂದು ಹಳದಿ ಬಲ್ಬು. ಚಿಲಕ ಬಿತ್ತೆಂದರೆ ಹೊರಗೆ ಯಾರೇ ಬಾಗಿಲು ಬಡಿಯಲಿ, ಉತ್ತರ ಒಂದೇ: "ತಡೀರಿ ಸಾ."

ಮೂವತ್ತೊಂದು ವರ್ಷ ವರದರಾಜ ಅವರು ತಡೆದರು. ತಡೆಯದೆ ಒಂದೇ ಒಂದು ಸಲ ಬಾಗಿಲಿಗೆ ಭುಜ ಕೊಟ್ಟಿದ್ದರು. ಅರಕಲಗೂಡಿನ ಮದುವೆಯ ಕಾರ್ಡು, ಗಿರಾಕಿ ಅವಸರ ಮಾಡುತ್ತಿದ್ದ. ಬಾಗಿಲು ತೆರೆದ ಗಾಳಿಗೆ ಎದ್ದ ಒಂದು ಧೂಳಿನ ಕಣ ಫಿಲ್ಮಿನ ಮೇಲೆ ಕೂತು, ಎರಡು ಸಾವಿರ ಕಾರ್ಡಿನಲ್ಲೂ ಮದುಮಗಳ ಕೆನ್ನೆಗೆ ಕರಿ ಚುಕ್ಕೆಯಾಗಿ ಅಚ್ಚಾಯಿತು. ಹುಡುಗಿ ನೋಡಲು ಬಂದಾಗ ಇಲ್ಲದ ಮಚ್ಚೆ ಈಗ ಎಲ್ಲಿಂದ ಬಂತು ಎಂದು ಬೀಗರು ಕೇಳಿಕಳಿಸಿದರಂತೆ. ಅಷ್ಟೂ ಕಾರ್ಡನ್ನು ಮತ್ತೆ ಹೊಡೆದುಕೊಡಬೇಕಾಯಿತು.

ಪ್ಲೇಟ್ ಕೆಲಸ ಎಂದರೆ ಹೀಗೆ. ತೆಳ್ಳನೆಯ ಅಲ್ಯೂಮಿನಿಯಂ ತಗಡು, ಅದರ ಮೇಲೆ ಹಸಿರು ಲೇಪ, ಲೇಪದ ಮೇಲೆ ಚಿತ್ರದ ಫಿಲ್ಮು. ಬೆಳಕು ತಾಗಿದ ಕಡೆ ಲೇಪ ಮದ್ದಿನ ನೀರಿನಲ್ಲಿ ತೊಳೆದು ಹೋಗುತ್ತದೆ, ನೆರಳಿದ್ದ ಕಡೆ ಉಳಿದು ಶಾಯಿ ಹಿಡಿಯುತ್ತದೆ. ಹಳದಿ ಬೆಳಕೊಂದೇ ಆ ಲೇಪಕ್ಕೆ ತಾಗದು. ಬಣ್ಣದ ಕಾರ್ಡಿಗೆ ಅಂಥವು ನಾಲ್ಕು ಪ್ಲೇಟು, ಒಂದರ ಮೇಲೊಂದು ಕೂದಲೆಳೆಯೂ ಜಾರದೆ ಕೂರಬೇಕು. ಹಾಸನ, ಚನ್ನರಾಯಪಟ್ಟಣ, ಅರಕಲಗೂಡು, ನರಸೀಪುರ, ನಾಲ್ಕೂ ತಾಲ್ಲೂಕಿನ ಮದುವೆ, ಗೃಹಪ್ರವೇಶ, ತಿಥಿಗಳೆಲ್ಲ ಗುಂಡಯ್ಯನವರ ಕೈಕೆಳಗೆ ಹಾದುಹೋಗಿವೆ. ಆಯುಧಪೂಜೆಯ ದಿನ ಎಲ್ಲ ಯಂತ್ರಗಳಿಗೂ ಕುಂಕುಮ, ಊದಿನಕಡ್ಡಿ. ಪ್ಲೇಟ್ ರೂಮಿಗೆ ಮಾತ್ರ ಬಾಗಿಲ ಹೊರಗಡೆ ಒಂದು ಬೊಟ್ಟು. "ಒಳಕ್ಕೆ ಊದ್ಗಡ್ಡಿ ಬ್ಯಾಡಿ ಸಾ, ಬೂದಿ ಆರ್ತದೆ. ದ್ಯಾವ್ರು ವೊರಗಿಂದ್ಲೂ ನೋಡ್ತಾನೆ."

ನಾಲ್ಕು ವರ್ಷದ ಹಿಂದೆ ಹಾಸನದಲ್ಲಿ ಕಂಪ್ಯೂಟರಿನಿಂದ ನೇರವಾಗಿ ಪ್ಲೇಟು ತೆಗೆಯುವ ಯಂತ್ರಗಳು ಬಂದು ನರಸೀಪುರದ ಪ್ರೆಸ್ಸು ಮುಚ್ಚಿತು. ಗುಂಡಯ್ಯನವರಿಗೆ ಪಿಎಫ್ ಕಟ್ಟಿರಲಿಲ್ಲ. ಗ್ರಾಚ್ಯುಟಿ ಎಂಬ ಮಾತನ್ನು ಆ ಕಟ್ಟಡದಲ್ಲಿ ಯಾರೂ ಉಚ್ಚರಿಸಿರಲಿಲ್ಲ. ವರದರಾಜ ಅವರು ಮೂರು ಲಕ್ಷ ಎಂದು ಗೊತ್ತುಮಾಡಿ, ಅದನ್ನೂ ಕೈಗೆ ಕೊಡದೆ, ತಾವೇ ಅಧ್ಯಕ್ಷರಾಗಿದ್ದ ಹೂಡಿಕೆದಾರರ ಬಳಗದಲ್ಲಿ ಗುಂಡಯ್ಯನವರ ಹೆಸರಿನಲ್ಲಿ ಪಾಲು ಹಾಕಿದರು. "ಬೆಳೆಯುತ್ತೆ ಕಣಯ್ಯ, ಇಟ್ಟಿರು." ಪೇಟೆಬೀದಿ ಇದನ್ನು ದೊಡ್ಡತನ ಎಂದು ಹೊಗಳಿತು. ದುಡಿದವನ ದುಡ್ಡನ್ನು ದುಡಿದವನಿಗೆ ಕೊಡುವುದಕ್ಕೆ, ಅದೂ ಅವನ ಕೈಗೆ ಸಿಗದ ಹಾಗೆ ಕೊಡುವುದಕ್ಕೆ, ದೊಡ್ಡತನ ಎಂಬ ಹೆಸರು ಈ ನಾಡಿನಲ್ಲಿ ಯಾವತ್ತಿನಿಂದ ಬಂತೋ ಕಾಣೆ.

ಬಳಗದಲ್ಲಿ ಒಂಬತ್ತು ಜನ. ನಿವೃತ್ತ ಬ್ಯಾಂಕಿನವರು, ತೆಂಗಿನಕಾಯಿ ಮಂಡಿಯವರು, ಭೌತಶಾಸ್ತ್ರದ ಲೆಕ್ಚರರ್ ಆಗಿ ನಿವೃತ್ತರಾದ ಮುರಳೀಕೃಷ್ಣ, ಪ್ರೈಮರಿ ಸ್ಕೂಲಿನ ಮೇಡಂ ಆಗಿದ್ದ ಚೂಡಾಮಣಿ. ಭಾನುವಾರ ಹತ್ತು ಗಂಟೆಗೆ ಮುಚ್ಚಿದ ಪ್ರೆಸ್ಸಿನ ಮಹಡಿಯ ಮೇಲೆ ಸಭೆ. ದುಡ್ಡು ಹಾಕುವ ಮುಂಚೆ ಆ ಕಂಪನಿಗೆ ಹೋಗಿ ಯಂತ್ರಕ್ಕೆ ಕಾಯಿ ಒಡೆದು ಪೂಜೆ ಮಾಡಿ ಬರುವುದು ಬಳಗದ ಪದ್ಧತಿ. ಒಂಬತ್ತೂ ಜನ ಸಹಿ ಹಾಕದೆ ಒಂದು ಪೈಸೆ ಕದಲಬಾರದು ಎನ್ನುವುದು ನಿಯಮ. "ನಾನು ಆಗಲೇ ಬೇಡ ಅಂದಿದ್ದೆ" ಎಂದು ಆಮೇಲೆ ಯಾರೂ ಹೇಳಬಾರದಲ್ಲ, ಅದಕ್ಕೆ.

ಪ್ರೂಫ್ ಹಿಡಿದು ಸಾವಿರ ಸಲ ಹತ್ತಿದ ಮೆಟ್ಟಿಲು ಅದು. ಆದರೆ ಆ ಮಹಡಿಯಲ್ಲಿ ಗುಂಡಯ್ಯ ಕುರ್ಚಿಯ ಮೇಲೆ ಕೂತದ್ದು ಬಳಗಕ್ಕೆ ಸೇರಿದ ಮೇಲೆಯೇ. ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿ. ಅವರ ಕೇರಿಯಿಂದ ಅಲ್ಲಿ ಕೂತ ಮೊದಲನೆಯವರು. ಮೂರು ವರ್ಷ ಅವರನ್ನು ಯಾರೂ ಏನೂ ಕೇಳಲಿಲ್ಲ. "ಇಲ್ಲಿ ಹಾಕಯ್ಯ" ಎಂದಲ್ಲಿ ಸಹಿ ಹಾಕಿದರು, ಅಷ್ಟೆ.

ಕಳೆದ ವರ್ಷ ಕಂಪ್ಯೂಟರ್ ಚಿಪ್ಪಿನ ಗಾಳಿ ನರಸೀಪುರಕ್ಕೂ ಬೀಸಿತು. ಯಾವ ಪೇಪರು ತೆಗೆದರೂ ಚಿಪ್ಪು, ಯಾವ ಮೊಬೈಲು ತಿಕ್ಕಿದರೂ ಚಿಪ್ಪು. ಚಿಪ್ಪನ್ನು ಬೆಳಕಿನಿಂದ ಪದರಪದರವಾಗಿ ಅಚ್ಚು ಹಾಕುವ ಯಂತ್ರಕ್ಕೆ ಲಿಥೋಗ್ರಫಿ ಯಂತ್ರ ಎನ್ನುತ್ತಾರೆ, ಅದನ್ನು ಮಾಡುವ ಕಂಪನಿಯಲ್ಲಿ ಈಗ ಹಾಕಿದ ದುಡ್ಡು ಹತ್ತು ಪಟ್ಟು ಆಗುತ್ತದೆ ಎಂದು ಹಾಸನದಿಂದ ದೇವರಾಜು ಎಂಬ ಏಜೆಂಟ್ ಬಂದು ಹೇಳಿದ. ಅವನು ತಂದದ್ದು ಮಹಾಚಿಪ್ ಎನ್ನುವ ಕಂಪನಿಯ ಷೇರು. ಒಂದನ್ನೇ ನೋಡಿ ಒಪ್ಪಬಾರದು ಎಂದು ಮುರಳೀಕೃಷ್ಣ ಅವರು ಕಿರಣರೇಖಾ ಎನ್ನುವ ಇನ್ನೊಂದು ಕಂಪನಿಯ ವಿಳಾಸ ಹುಡುಕಿದರು. ಎರಡೂ ಮೈಸೂರಿನ ಹೊರವಲಯದಲ್ಲೇ. ಒಂದು ದಿನ ವ್ಯಾನು ಮಾಡಿಕೊಂಡು ಒಂಬತ್ತೂ ಜನ ಹೊರಟರು. ಜೊತೆಗೆ ಬಾಳೆಹಣ್ಣು, ಸೇವಂತಿಗೆ ಹಾರ, ಚನ್ನರಾಯಪಟ್ಟಣದ ಎರಡು ತೆಂಗಿನಕಾಯಿ.

ಬೆಳಿಗ್ಗೆ ಮಹಾಚಿಪ್. ಗೇಟಿನಲ್ಲೇ ಮೈಸೂರು ಪೇಟ, ಶಾಲು. ಅಮೃತಶಿಲೆಯ ನೆಲದ ಒಂದು ಹಾಲು, ನಡುವೆ ಬಿಳಿ ಬಣ್ಣದ ದೊಡ್ಡ ಯಂತ್ರ. ಅದೇ ಕ್ಲೀನ್ ರೂಮು, ಧೂಳಿನ ಕಣವೂ ಇರದ ಕೋಣೆ ಎಂದ ದೇವರಾಜು. ತಲೆಯ ಮೇಲೆ ಸಾಲುಸಾಲು ಟ್ಯೂಬ್‌ಲೈಟು, ಮದುವೆ ಛತ್ರದ ಹಾಗೆ ಬೆಳಕು.

"ಪೂಜೆ ಇಲ್ಲೇ ಮಾಡಬಹುದಾ?" ಎಂದು ವರದರಾಜ ಕೇಳಿದರು.

"ನಿಮ್ಮದೇ ಕಂಪನಿ ಅಂದ್ಕೊಳ್ಳಿ ಸಾರ್."

ಊದಿನಕಡ್ಡಿ ಹಚ್ಚಿದರು. ಯಂತ್ರಕ್ಕೆ ಕುಂಕುಮ ಇಟ್ಟರು. ಕಾಯಿ ಒಡೆದು ಕರ್ಪೂರ ಬೆಳಗಿದರು. ಅಲ್ಲೇ ನಿಂತು ಕಾಫಿ, ಗೋಡಂಬಿ. ಹೊರಡುವಾಗ ಎಲ್ಲರಿಗೂ ಒಂದೊಂದು ಮಖಮಲ್ಲಿನ ಡಬ್ಬಿ, ಒಳಗೆ ಥಳಥಳಿಸುವ ಚಿಪ್ಪಿನ ಬಿಲ್ಲೆ. ಗುಂಡಯ್ಯ ಕಾಫಿ ಕುಡಿಯಲಿಲ್ಲ. ಒಮ್ಮೆ ಊದಿನಕಡ್ಡಿಯನ್ನು, ಒಮ್ಮೆ ತಲೆಯ ಮೇಲಿನ ದೀಪವನ್ನು ನೋಡುತ್ತ ನಿಂತಿದ್ದರು.

ಮಧ್ಯಾಹ್ನ ಕಿರಣರೇಖಾ. ತಗಡಿನ ಮಾಡಿನ ಶೆಡ್ಡು, ಸ್ವಾಗತದ ಬೋರ್ಡು ಕೂಡ ಇಲ್ಲ. ಒಳಗಿನಿಂದ ಬಂದ ತೇಜಶ್ರೀ ಎಂಬ ಎಂಜಿನಿಯರು ಕಣ್ಣೆರಡನ್ನು ಬಿಟ್ಟು ಮೈಯೆಲ್ಲ ಬಿಳಿ ಉಡುಪಿನಲ್ಲಿ ಮುಚ್ಚಿಕೊಂಡಿದ್ದಳು. ಮುಖದ ಮುಸುಕು ಇಳಿಸಿ ಹೇಳಿದಳು: "ಗಾಜಿನ ಈಚೆಯಿಂದ ನೋಡಿ ಸಾರ್. ಒಳಗೆ ಬಿಡೋ ಹಾಗಿಲ್ಲ."

"ಪೂಜೆ ಮಾಡಿ ಐದೇ ನಿಮಿಷಕ್ಕೆ ಬರ್ತೀವಮ್ಮ."

"ಕುಂಕುಮ, ಪೌಡರು ಹಾಕಿರೋರೂ ಹೋಗೋ ಹಾಗಿಲ್ಲ ಸಾರ್."

ವರದರಾಜ ಅವರ ಮುಖ ಬಿಗಿಯಿತು. "ನಾವು ದುಡ್ಡು ಹಾಕೋರು."

"ಗೊತ್ತು ಸಾರ್. ಅದಕ್ಕೇ ಬಿಡ್ತಾ ಇಲ್ಲ."

ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಬೋಳುತಲೆಯ ಮನುಷ್ಯ ನಕ್ಕ. ಅವನೇ ಕಂಪನಿಯ ಯಜಮಾನ. "ಬೇಜಾರ್ ಮಾಡ್ಕೋಬೇಡಿ. ಬೆಳಿಗ್ಗೆ ಒಂದು ಸಿಗರೇಟು ಸೇದಿಬಿಟ್ಟೆ, ಉಸಿರಲ್ಲಿ ಹೊಗೆ ಕಣ ಇರುತ್ತಂತೆ. ಸಂಜೆವರೆಗೂ ನಾನೂ ಇಲ್ಲೇ."

ಗಾಜಿನ ಆಚೆ ಕೋಣೆಯ ತುಂಬ ಹಳದಿ ಬೆಳಕು. ಮೂರು ವರ್ಷದಿಂದ ಕಾಣದಿದ್ದ ಬೆಳಕು. ಗುಂಡಯ್ಯ ಬಳಗಕ್ಕೆ ಸೇರಿದ ಮೇಲೆ ಮೊದಲ ಸಲ ತಾವಾಗಿ ಬಾಯಿ ತೆರೆದರು.

"ಅವ್ವಾ, ಒಂದ್ರ ಮ್ಯಾಲೊಂದು ಎಷ್ಟು ಸಲ ಒಡೀತೀರಿ? ಕೂರ್ತದಾ?"

ಹುಡುಗಿ ಅವರನ್ನು ದಿಟ್ಟಿಸಿದಳು. ಅಲ್ಲಿಯವರೆಗೆ ಬಂದ ಯಾವ ಹೂಡಿಕೆದಾರನೂ ಆ ಪ್ರಶ್ನೆ ಕೇಳಿರಲಿಕ್ಕಿಲ್ಲ. "ಹನ್ನೆರಡು ಪದರ ಸರಿಯಾಗಿ ಕೂರುತ್ತೆ. ಹದಿಮೂರನೇದು ಜಾರ್ತಾ ಇದೆ. ಯಂತ್ರ ಸ್ವಲ್ಪ ಬಿಸಿ ಆದ್ರೆ ಗಾಜು ಹಿಗ್ಗುತ್ತೆ. ಇನ್ನೂ ಆರು ತಿಂಗಳು ಬೇಕು."

ವಾಪಸು ಬರುವ ವ್ಯಾನಿನಲ್ಲಿ ಇದೇ ಮಾತು. ಜಾರುತ್ತದೆ ಎಂದು ತಾವೇ ಒಪ್ಪಿಕೊಂಡರಲ್ಲ, ಅಂಥವರಿಗೆ ಯಾರು ದುಡ್ಡು ಕೊಡುತ್ತಾರೆ? "ಹೊರಗೆ ನಿಲ್ಲಿಸಿ ಕಳಿಸಿದರಲ್ಲಯ್ಯ ನಮ್ಮನ್ನ" ಎಂದು ವರದರಾಜ ಮೂರು ಸಲ ಹೇಳಿದರು. ಹಿಂದಿನ ಸೀಟಿನಲ್ಲಿ ಗುಂಡಯ್ಯ ಮೆಲ್ಲಗೆ ನಕ್ಕರು. ಹೊರಗೆ ನಿಲ್ಲುವುದು ಅವರಿಗೆ ಹೊಸದಲ್ಲ. ಹೋಟೆಲಿನ ಹೊರಗೆ, ಗುಡಿಯ ಹೊರಗೆ, ಗೌಡರ ಪಡಸಾಲೆಯ ಹೊರಗೆ ನಿಂತು ಬೆಳೆದ ಕಾಲುಗಳು ಅವು. ಆದರೆ ಪ್ರೆಸ್ಸಿನ ಮಾಲೀಕ, ಕಂಪನಿಯ ಯಜಮಾನ, ಹಳೇಕೋಟೆಯ ಗುಂಡಯ್ಯ ಮೂವರೂ ಒಂದೇ ಗೆರೆಯ ಹೊರಗೆ ನಿಂತದ್ದನ್ನು ಅವರು ಅರವತ್ತೆರಡು ವರ್ಷದಲ್ಲಿ ಅವತ್ತೇ ಕಂಡದ್ದು. ಆ ಗೆರೆ ಕೇಳಿದ್ದು ಧೂಳನ್ನು, ಹುಟ್ಟನ್ನಲ್ಲ.

ಭಾನುವಾರ ನಿರ್ಣಯದ ಪುಸ್ತಕ ತೆರೆಯಿತು. ಬಳಗದ ಅಷ್ಟೂ ದುಡ್ಡು ಮಹಾಚಿಪ್ಪಿಗೆ. ಎಂಟು ಸಹಿ ಬಿದ್ದವು. ಪುಸ್ತಕ ಬಾಗಿಲ ಪಕ್ಕದ ಕುರ್ಚಿಗೆ ಬಂತು.

"ನಾನ್ ಆಕಾಕಿಲ್ಲ ಸಾ," ಎಂದರು ಗುಂಡಯ್ಯ.

ಎಂಟೂ ತಲೆ ಬಾಗಿಲ ಕಡೆ ತಿರುಗಿದವು. ಆಮೇಲೆ ಮುರಳೀಕೃಷ್ಣ ನಕ್ಕರು. "ಯಾಕಪ್ಪ? ಅಲ್ಲಿ ಗೋಡಂಬಿ ಸಾಲಲಿಲ್ವಾ?"

"ಆ ಮಿಷಿನ್ನು ಕೆಲ್ಸ ಮಾಡಿದ್ ಮಿಷಿನ್ ಅಲ್ಲ ಸಾ."

"ಹೌದೇನು. ಯಾವ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ್ದು?"

ಎಲ್ಲರೂ ನಕ್ಕರು. ವರದರಾಜ ನಗಲಿಲ್ಲ, ಬಳಗಕ್ಕೆ ಗುಂಡಯ್ಯನನ್ನು ತಂದದ್ದು ಅವರೇ, ಮರ್ಯಾದೆ ಹೋಗುತ್ತಿದ್ದದ್ದೂ ಅವರದೇ. "ನೋಡಯ್ಯ, ಇಷ್ಟ ಇಲ್ಲ ಅಂದ್ರೆ ನಿನ್ನ ಮೂರು ಲಕ್ಷ ತಗೊಂಡು ಬಳಗ ಬಿಟ್ಟು ಹೋಗು. ಎಂಟು ಸಹಿಯಲ್ಲೇ ಮುಗಿಸ್ತೀವಿ. ಬರೋ ಭಾನುವಾರದವರೆಗೆ ಟೈಮು."

ಬಸ್‌ಸ್ಟ್ಯಾಂಡಿನವರೆಗೆ ಚೂಡಾಮಣಿ ಮೇಡಂ ಜೊತೆಗೆ ನಡೆದರು. ನಿವೃತ್ತಿಯಾದಾಗ ಬಂದದ್ದನ್ನೆಲ್ಲ ಬಳಗದಲ್ಲಿ ಹಾಕಿದವರು. "ಗುಂಡಯ್ಯ, ನನಗೂ ಏನೂ ಅರ್ಥ ಆಗಿಲ್ಲ. ಅರ್ಥ ಆಗಿಲ್ಲ ಅನ್ನೋಕೆ ನಾಚಿಕೆಯಾಗಿ ಸಹಿ ಹಾಕಿಬಿಟ್ಟೆ."

ಮನೆಯಲ್ಲಿ ಲಕ್ಷ್ಮಿದೇವಮ್ಮ ಗಂಡನ ಮಾತು ಕೇಳಿ ಮೊರ ಪಕ್ಕಕ್ಕಿಟ್ಟರು. "ಇನ್ನೇನ್ ಬೇಕು? ಮೂವತ್ತೊಂದು ವರ್ಸದ್ದು ಕೈಗ್ ಬತ್ತಾ ಅದೆ. ಈಸ್ಕಂಡ್ ಬಂದ್ಬುಡು. ಅವ್ರ ದುಡ್ಡು ಉಳುದ್ರೆಷ್ಟು, ಓದ್ರೆಷ್ಟು? ನಿನ್ನ ಏನಾರ ಕೇಳಿದ್ರಾ ಅವ್ರು?"

"ಕೇಳ್ಲಿಲ್ಲ ಕಣಮ್ಮಿ."

"ಮತ್ತೆ?"

"ತಪ್ಪು ಪ್ಲೇಟು ಅಂತ ಗೊತ್ತಾದ್ ಮ್ಯಾಲೆ ನಾನ್ ಒಂದ್ ದಿನಾನೂ ಮಿಷಿನ್‌ಗೆ ಕಳ್ಸಿಲ್ಲ. ಕಾರ್ಡು ಯಾರ ಮನೇದು ಅಂತ ನೋಡ್ತಿರ್ಲಿಲ್ಲ."

ಲಕ್ಷ್ಮಿದೇವಮ್ಮ ಮತ್ತೆ ಮೊರ ಎತ್ತಿಕೊಂಡರು. ಅಕ್ಕಿ ಕೇರುತ್ತಲೇ ಹೇಳಿದರು: "ಅಂಗಾರೆ ಸರ್ಯಾಗ್ ತೋರ್ಸು. ಬರೀ ಬಾಯಲ್ ಹೇಳಿದ್ರೆ ನಿನ್ ಮಾತ್ ಯಾರೂ ಕೇಳಾಕಿಲ್ಲ."

ಆ ಹೆಂಗಸಿನ ಮಾತಿನಲ್ಲಿ ಈ ದೇಶದ ಪೂರಾ ಚರಿತ್ರೆ ಇದೆ. ಪದವಿ ಇದ್ದವನು ಬಾಯಲ್ಲಿ ಹೇಳಿದರೆ ಸಾಕು, ಕೈಯಿಂದ ಕಲಿತವನು ರುಜುವಾತು ಹೊತ್ತು ತರಬೇಕು.

ಹೊತ್ತು ತಂದರು. ಹಾಸನದ ಪ್ರೆಸ್ಸಿನಲ್ಲಿದ್ದ ಹಳೆಯ ಜೊತೆಗಾರನಿಂದ ಪ್ಲೇಟಿನ ಎರಡು ತುಂಡು, ಒಂದು ಬಾಟಲಿ ಮದ್ದಿನ ನೀರು, ಒಂದು ಪ್ಲಾಸ್ಟಿಕ್ ಟಬ್ಬು. ಭಾನುವಾರ ಸಭೆಗೆ ದೇವರಾಜು ಕೂಡ ಬಂದಿದ್ದ, ಚೆಕ್ಕು ಒಯ್ಯಲಿಕ್ಕೆ. ಗುಂಡಯ್ಯ ಬಂದವರೇ ಒಂದು ತುಂಡನ್ನು ಬಿಸಿಲು ಬೀಳುವ ಕಿಟಕಿಯಲ್ಲಿಟ್ಟರು. ಇನ್ನೊಂದು ಕರಿ ಕಾಗದದಲ್ಲೇ ಇತ್ತು.

"ಕಾಫಿ ಕುಡೀರಿ ಸಾ. ಅವತ್ತು ಅಲ್ಲಿ ಎಷ್ಟೊತ್ತು ಕುಡುದ್ರೋ ಅಷ್ಟೇ ಒತ್ತು."

ಅರ್ಧ ಗಂಟೆಯ ಮೇಲೆ ಎರಡನ್ನೂ ಟಬ್ಬಿನಲ್ಲಿಟ್ಟು ಮದ್ದಿನ ನೀರು ಸುರಿದು ಹತ್ತಿಯಿಂದ ಸವರಿದರು. ಕರಿ ಕಾಗದದ ತುಂಡಿನಲ್ಲಿ ಹಸಿರು ಲೇಪ ಗಟ್ಟಿಯಾಗಿ ಕೂತಿತ್ತು. ಕಿಟಕಿಯದ್ದು ಕಣ್ಣ ಮುಂದೆಯೇ ಕರಗಿ ಹಸಿರು ನೀರಾಗಿ ಹರಿಯಿತು. ಉಳಿದದ್ದು ಬೋಳು ತಗಡು.

"ಚಿಪ್ಪಿಗೂ ಇಂಥದ್ದೇ ಲೇಪ ಅಂತ ಈ ದೇವರಾಜಪ್ಪ ಕೊಟ್ಟ ಕಂಪ್ನಿ ಪುಸ್ತಕದಲ್ಲೇ ಅದೆ ಸಾ. ಆ ರೂಮ್ನಾಗೆ ಅಷ್ಟು ಬಿಳಿ ಟ್ಯೂಬು ಉರೀತಿದ್ವು. ನಾವು ಅರ್ಧ ಗಂಟೆ ನಿಂತಿದ್ವಿ. ಊದ್ಗಡ್ಡಿ ಅಚ್ಚಿದ್ವಿ, ಕಾಯಿ ಒಡುದ್ವಿ. ಅಲ್ಲಿದ್ದ ಒಬ್ಬಾರ 'ಬ್ಯಾಡ್ರಪ್ಪ, ಕೆಲ್ಸ ಕೆಡ್ತದೆ' ಅಂದ್ರಾ? ಕೆಡಾಕೆ ಅಲ್ಲಿ ಕೆಲ್ಸ ಇದ್ರೆ ತಾನೆ ಸಾ ಅನ್ನೋದು."

ದೇವರಾಜು ಟೈ ಸರಿಮಾಡಿಕೊಂಡ. "ಅವತ್ತು ಡೆಮೋ ಅಷ್ಟೇ. ಲೋಡ್ ಇರಲಿಲ್ಲ. ಬೇರೆ ದಿನ ಪ್ರೊಡಕ್ಷನ್ ನಡೀತಿರುತ್ತೆ."

"ಸರಿ ಸಾ. ಬುಧವಾರ ಬತ್ತೀವಿ. ಒಂದುಪಕಾರ ಮಾಡಿ. ನಮ್ಮನ್ನ ಒಳಕ್ ಬಿಡ್‌ಬ್ಯಾಡಿ. ವೊರಗೇ ನಿಂತಿರ್ತೀವಿ. ಒಂದ್ರ ಮ್ಯಾಲೊಂದು ಎಲ್ಡೇ ಎಲ್ಡು ಪದರ ಒಡುದ್ ತೋರ್ಸಿ."

"ಹೆಡ್ ಆಫೀಸಲ್ಲಿ ಕೇಳ್ಬೇಕು."

"ಕೇಳಿ ಸಾ. ನಿಮ್ದು ಎಷ್ಟನೇ ಪದರದಾಗೆ ಜಾರ್ತದೆ ಅಂತ್ಲೂ ಕೇಳಿ."

"ನಮ್ಮದು ಜಾರೋದೇ ಇಲ್ಲ."

ಗುಂಡಯ್ಯ ಬಳಗದ ಕಡೆ ತಿರುಗಿದರು. "ಮೂವತ್ತೊಂದು ವರ್ಸದಾಗೆ ಜಾರ್ದೆ ಇರೋ ಮಿಷಿನ್ನು ಅಂದ್ರೆ ನಾನು ಕಂಡಿದ್ದು ಒಂದೇ ಸಾ. ಈ ಮಹ್ಡಿ ಕೆಳ್ಗಡೆ ಬೀಗ ಆಕಿ ನಿಲ್ಸವ್ರಲ್ಲ, ಅದು. ಓಡೋ ಮಿಷಿನ್ ಜಾರ್ತದೆ. ಎಲ್ಲಿ ಜಾರ್ತದೆ ಅಂತ ಆ ಮಗೀಗೆ ಗೊತ್ತಿತ್ತು. ಅದುಕ್ಕೇ ನಾನು ಆ ಮಗೀನ ನಂಬ್ತೀನಿ."

ಮುರಳೀಕೃಷ್ಣ ಅವರು ಬೋಳು ತಗಡನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು. "ಇದು ಪುಸ್ತಕದಲ್ಲಿದೆ ಕಣ್ರಿ. ಈ ಲೇಪಕ್ಕೆ ಫೋಟೋರೆಸಿಸ್ಟ್ ಅಂತಾರೆ. ಇಪ್ಪತ್ತಾರು ವರ್ಷ ಪಾಠ ಮಾಡಿದೀನಿ."

"ಮತ್ಯಾಕ್ ಸಾ ಅಲ್ಲಿ ಏಳ್ಲಿಲ್ಲ?"

"ಶಾಲು ಹೊದಿಸಿದ್ರಲ್ಲಯ್ಯ," ಎಂದರು ಮುರಳೀಕೃಷ್ಣ. ಅದನ್ನು ಒಪ್ಪಿಕೊಂಡದ್ದಕ್ಕೆ ಅವರಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲಬೇಕು.

ಮೊದಲು ಎದ್ದು ಬಂದವರು ಚೂಡಾಮಣಿ ಮೇಡಂ. ಪುಸ್ತಕ ತೆಗೆದುಕೊಂಡು ತಮ್ಮ ಸಹಿಯನ್ನು ಹೊಡೆದುಹಾಕಿದರು. ಆಮೇಲೆ ಮುರಳೀಕೃಷ್ಣ. ಆಮೇಲೆ ಒಬ್ಬೊಬ್ಬರೇ. ವರದರಾಜ ಕೊನೆಯವರು. ಹೊಡೆದುಹಾಕಿ ಪೆನ್ನಿನ ಕ್ಯಾಪು ಮುಚ್ಚಿ, "ಹಾಗಾದ್ರೆ ಅವರಿಗೆ, ಆ ಕಿರಣರೇಖಾದವರಿಗೆ ಹಾಕೋಣವೇನು?" ಎಂದರು. ಕೇಳಿದ್ದು ಬಾಗಿಲ ಪಕ್ಕದ ಕುರ್ಚಿಯನ್ನು.

"ಈಗ ಮೂರ್ನಾಗ್ ಒಂದ್ ಪಾಲು ಆಕಿ ಸಾ. ಅದಿಮೂರು ಕೂತ್ ಮ್ಯಾಲೆ ಮಿಕ್ಕಿದ್ದು. ಕೂರ್ದೇನೂ ಇರ್ಬೌದು, ಅದ್ನೂ ತಿಳ್ಕಂಡಿರಿ."

ಅರ್ಜಿ, ವರದಿ, ಗ್ರಾಫು ಹಿಡಿದು ಬರುವ ಎಷ್ಟು ಜನ ಪಂಡಿತರು ಆ ಕೊನೆಯ ಮಾತನ್ನು ಸೇರಿಸುತ್ತಾರೆ?

ಮಹಾಚಿಪ್ಪಿನ ಹೆಡ್ ಆಫೀಸಿನಿಂದ ಬುಧವಾರಕ್ಕೆ ಉತ್ತರ ಬರಲಿಲ್ಲ. ಅದರ ಮುಂದಿನ ಬುಧವಾರಕ್ಕೂ ಬರಲಿಲ್ಲ. ನಾಲ್ಕು ತಿಂಗಳಿಗೆ ಆ ಅಮೃತಶಿಲೆಯ ಹಾಲಿಗೆ ಬೀಗ ಬಿತ್ತು. ಬಿಳಿ ಯಂತ್ರ ಯಾವುದೋ ಸಿನಿಮಾ ಸೆಟ್ಟಿಗೆ ಬಾಡಿಗೆಗೆ ಹೋಗುತ್ತಿದ್ದ ಖಾಲಿ ಪೆಟ್ಟಿಗೆಯಂತೆ. ಚನ್ನರಾಯಪಟ್ಟಣದಿಂದ, ಅರಕಲಗೂಡಿನಿಂದ, ಹಾಸನದಿಂದ ಮಖಮಲ್ಲಿನ ಡಬ್ಬಿ ಹಿಡಿದವರು ಪೊಲೀಸ್ ಠಾಣೆಯ ಬೆಂಚಿನಲ್ಲಿ ಕೂತರು. ನರಸೀಪುರದ ಒಂಬತ್ತು ಜನರಲ್ಲಿ ಒಬ್ಬರೂ ಅಲ್ಲಿರಲಿಲ್ಲ.

ಬಳಗದ ದುಡ್ಡಿನ ಮೂರರಲ್ಲೊಂದು ಪಾಲು ಪಡೆದ ಕಿರಣರೇಖಾದವರು ಕೇಳಿದ್ದು ಆರು ತಿಂಗಳು, ಹಿಡಿದದ್ದು ಹತ್ತು. ಹನ್ನೊಂದನೆಯ ತಿಂಗಳು ಗುಂಡಯ್ಯನವರ ಫೋನಿಗೆ ತೇಜಶ್ರೀಯ ಕರೆ ಬಂತು. "ಹದಿಮೂರು ಕೂತಿದೆ ಸಾರ್. ಹದಿನಾಲ್ಕೂ ಕೂತಿದೆ. ಕಾರಿನ ಚಿಪ್ಪು ಮಾಡೋರು ಮೂರು ಯಂತ್ರಕ್ಕೆ ಆರ್ಡರ್ ಕೊಟ್ಟಿದಾರೆ. ಬಂದು ನೋಡಿ."

ಮತ್ತೆ ವ್ಯಾನು. ಈ ಸಲ ಹಾರ ಇಲ್ಲ, ಊದಿನಕಡ್ಡಿ ಇಲ್ಲ. ಮಂಡಿಯವರೊಬ್ಬರು ದಾರಿಯಲ್ಲೇ ಕರ್ಚೀಫು ಒದ್ದೆ ಮಾಡಿಕೊಂಡು ಹಣೆಯ ಕುಂಕುಮ ಒರೆಸಿಕೊಂಡರು. ಚೂಡಾಮಣಿ ಮೇಡಂ ಜೊತೆಗೆ ಲಕ್ಷ್ಮಿದೇವಮ್ಮನನ್ನೂ ಕರೆತಂದಿದ್ದರು. ಮುಂದಿನ ಸೀಟಿಗೆ ವರದರಾಜ ತಾವು ಹತ್ತಲಿಲ್ಲ. "ಅಲ್ಲಿ ಕೂತ್ಕೊಳ್ಳಿ ಗುಂಡಯ್ಯ," ಎಂದರು.

"ಒಬ್ಬರನ್ನ ಒಳಗೆ ಕರ್ಕೊಂಡು ಹೋಗಬಹುದು," ಎಂದಳು ತೇಜಶ್ರೀ. ಯಾರನ್ನು ಎಂದು ಕೇಳುವ ಅಗತ್ಯ ಯಾರಿಗೂ ಕಾಣಲಿಲ್ಲ. ಗುಂಡಯ್ಯ ಕೈ ತೊಳೆದರು, ಮುಖ ತೊಳೆದರು. ಬಿಳಿ ಉಡುಪು, ಟೊಪ್ಪಿ, ಮುಸುಕು. ಪ್ಲೇಟು ನೋಡಲು ಬಳಸುತ್ತಿದ್ದ, ಜೇಬಿನಲ್ಲಿದ್ದ ಹಳೆಯ ಭೂತಗನ್ನಡಿಯನ್ನು ಹೆಂಡತಿಯ ಕೈಗೆ ಕೊಟ್ಟು ಗಾಳಿ ಊದುವ ಬಾಗಿಲು ದಾಟಿ ಹಳದಿ ಬೆಳಕಿನೊಳಗೆ ಹೋದರು. ಬಾಗಿಲು ತಾನಾಗಿ ಮುಚ್ಚಿ ಒಳಗಿನಿಂದ ಚಿಲಕ ಬಿತ್ತು.

ಹೊರಗಿದ್ದವರಿಗೆ ಒಳಗಿನ ಮಾತು ಕೇಳುತ್ತಿರಲಿಲ್ಲ. ಹುಡುಗಿ ಪರದೆಯ ಮೇಲೆ ಏನೋ ತೋರಿಸಿದಳು. ಮುಸುಕಿನ ಮೇಲಿನ ಎರಡು ಕಣ್ಣು ಅದರ ಹತ್ತಿರಕ್ಕೆ ಹೋದವು. ಒಂದರ ಮೇಲೊಂದು ಹದಿನಾಲ್ಕು ಗೆರೆ, ಒಂದೇ ಗೆರೆಯಂತೆ. ಗುಂಡಯ್ಯ ತಲೆದೂಗಿದರು. ಮೂವತ್ತೊಂದು ವರ್ಷ ಅವರು ಹಾಗೆ ತಲೆದೂಗಿದ ಮೇಲೇ ನಾಲ್ಕು ತಾಲ್ಲೂಕಿನ ಕಾರ್ಡುಗಳು ಮಿಷಿನ್ನಿಗೆ ಹೋಗುತ್ತಿದ್ದದ್ದು.

ವರದರಾಜ ಅವರಿಗೆ ತಡೆಯಲಾಗಲಿಲ್ಲ. "ಏನಾಯ್ತು? ಕೂತಿದೆಯಾ?" ಎನ್ನುತ್ತ ಗಾಜಿನ ಮೇಲೆ ಬೆರಳ ಗೆಣ್ಣಿನಿಂದ ಟಕಟಕ ಬಡಿದರು.

ಗುಂಡಯ್ಯ ತಿರುಗಿದರು. ಬಿಳಿ ಕೈಗವಸಿನ ಅಂಗೈ ಎತ್ತಿ ಗಾಜಿಗೆ ಹಿಡಿದರು. ಗೋಡೆ ಅಲುಗಿದರೆ ಯಂತ್ರ ಅಲುಗುತ್ತದೆ.

ಮುಸುಕಿನೊಳಗಿನ ‘ತಡೀರಿ ಸಾ’ ಕೇಳಿಸಲಿಲ್ಲ. ಕೇಳಿಸಬೇಕಾಗಿಯೂ ಇರಲಿಲ್ಲ. ವರದರಾಜ ಕೈ ಹಿಂದೆ ತೆಗೆದುಕೊಂಡು ತಡೆದು ನಿಂತರು.